ಕೈಗುಣ ಕಾಯ್ದವರು

“ಗುರುಗಳೇ, ಹಿರಿಯರ ಮನಸ್ಸಿಗೆ ನೋವಾಗದಿರಲಿ ಎಂದು ಒಂದು ಸಣ್ಣ ಸುಳ್ಳು ಹೇಳಿದರೆ ಅದೂ ದೋಷವೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಕಡಲ ಸೀಮೆಯಲ್ಲಿ ಒಬ್ಬ ವೈದ್ಯನಿದ್ದ. ಆ ಕಡೆ ಆನೆಕಾಲು ರೋಗ ಬಹಳ. ಕಣ್ಣಿಗೆ ಕಾಣದ ಹುಳು ಮೈಯೊಳಗೆ ಸೇರಿಕೊಂಡು ವರ್ಷಗಟ್ಟಲೆ ಬಿಡಾರ ಹೂಡುತ್ತದೆ. ಮೊದಲು ಆಗಾಗ ಚಳಿಜ್ವರ ಬಂದು ಹೋಗುತ್ತದೆ. ಕಾಲು ಬಾತುಕೊಳ್ಳುವುದು ಆಮೇಲೆ. ಒಮ್ಮೆ ಬಾತು ಗಟ್ಟಿಯಾದ ಕಾಲು ಮತ್ತೆ ಮೊದಲಿನಂತಾಗುವುದಿಲ್ಲ.

ವೈದ್ಯ ಬಹುಕಾಲ ಹುಡುಕಿ ಒಂದು ಗುಳಿಗೆ ಮಾಡಿದ. ತೀಕ್ಷ್ಣವಾದ ಮದ್ದು. ಮೊದಲು ತಾನೇ ನುಂಗಿ ನೋಡಿದ. ಕೆಲವು ದಿನ ಕಣ್ಣು ಮಂಜಾಗಿ ಸರಿಹೋಯಿತು. ಗಟ್ಟಿಮುಟ್ಟಾದ ಮೈ ತಡೆದುಕೊಂಡೀತು, ಬಡಕಲು ಮೈಯಾದರೆ ಕಣ್ಣೇ ಹೋದೀತು ಎಂದು ಅವನಿಗೆ ಅನ್ನಿಸಿತು. ಅಷ್ಟರಲ್ಲಿ ಅವನ ಮಗಳಿಗೇ ಆ ಜ್ವರ ಹಿಡಿಯಿತು. ಹುಡುಗಿ ಕಡ್ಡಿಯಂಥವಳು. ಗುಳಿಗೆಯಿಂದ ರೋಗ ಹೋಗುವುದು ಖಚಿತವಾದರೆ ಕಣ್ಣಿನ ಭಯವನ್ನು ನುಂಗಿಕೊಳ್ಳಬಹುದು. ಖಚಿತವಿಲ್ಲದೆ ಕೊಡುವುದು ಹೇಗೆ? ಕೊಡದೆ ಇರುವುದಾದರೂ ಹೇಗೆ? ಅವನಿಗೆ ಉಂಡ ಅನ್ನ ಮೈಗೆ ಹತ್ತದಾಯಿತು.

ಉಪ್ಪಿನ ಆಗರದಲ್ಲಿ ದುಡಿಯುವವರ ಕೇರಿಗೆ ಹೋದ. ಅಲ್ಲಿ ಮನೆಮನೆಯಲ್ಲೂ ಈ ಜ್ವರವಿತ್ತು. ಕಣ್ಣಿನ ವಿಷಯ ಮುಚ್ಚಿಡದೆ ಹೇಳಿದ. ಒಪ್ಪಿದ ಗಟ್ಟಿಮೈಯವರಲ್ಲಿ ಅರ್ಧ ಜನರಿಗೆ ಮದ್ದಿನ ಗುಳಿಗೆ ಕೊಟ್ಟ. ಉಳಿದರ್ಧಕ್ಕೆ ಬೇವು ಬೆಲ್ಲ ಅರೆದು ಉರುಟಿದ ಗುಳಿಗೆ ಕೊಟ್ಟ. ನೋಡುವುದಕ್ಕೆ ಎರಡೂ ಒಂದೇ. ಗುಳಿಗೆಯಲ್ಲಿ ಎರಡು ಬಗೆಯಿದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಮದ್ದು ತಿಂದವರು ಚೇತರಿಸಿಕೊಂಡು ಮಿಕ್ಕವರು ಹಾಗೆಯೇ ಉಳಿದರೆ ಮದ್ದು ನಿಜವೆಂದಾಯಿತು, ಆಗ ಮಗಳಿಗೂ ಕೊಡಬಹುದು ಎಂದು ಅವನ ಲೆಕ್ಕ.

ಮಳೆಗಾಲ ಕಳೆದ ಮೇಲೆ ವಿಚಾರಿಸಲು ಹೋದ. ಮದ್ದು ತಿಂದವರು, “ಜ್ವರ ಬರಲಿಲ್ಲ ಪಂಡಿತರೇ” ಎಂದರು. ಅವನ ಎದೆ ಹಗುರಾಯಿತು. ಬೇವು ಬೆಲ್ಲ ತಿಂದವರನ್ನು ಕೇಳಿದ. ಅವರೂ, “ಜ್ವರವಾ? ಅದರ ಸುದ್ದಿಯೇ ಇಲ್ಲ” ಎಂದರು. ಜ್ವರ ತಾನಾಗಿಯೇ ಹೋಗಿರಬೇಕು. ಹಾಗಾದರೆ ತನ್ನ ಮದ್ದು ಮಾಡಿದ್ದೇನು?

ಮನೆಯಲ್ಲಿ ಮಗಳು, “ಅಪ್ಪ, ನನಗೂ ಗುಳಿಗೆ ಕೊಡುತ್ತೀಯಾ?” ಎಂದಳು.

“ಇನ್ನೊಂದಿಷ್ಟು ದಿನ ತಾಳು ಮಗಳೇ” ಎಂದ.

ಹೋದಾಗಲೆಲ್ಲ ಕೇರಿಯಲ್ಲಿ ಅದೇ ಮಾತು. ಬಂದಾಗಲೆಲ್ಲ ಮನೆಯಲ್ಲಿ ಅದೇ ಉತ್ತರ. ಮತ್ತೊಂದು ಮಳೆಗಾಲವೂ ಮುಗಿಯಿತು. ರಾತ್ರಿ ಮಗಳು ಮಲಗಿದ ಮೇಲೆ ಅವನು ಅವಳ ಪಾದವನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದ.

ಒಂದು ದಿನ ಹೇಳದೆ ಕೇಳದೆ ಕೇರಿಗೆ ಹೋದ. ಬೇವು ಬೆಲ್ಲ ತಿಂದಿದ್ದ ಹೆಂಗಸೊಬ್ಬಳು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಳು. ವೈದ್ಯನನ್ನು ಕಂಡು ಕಾಲನ್ನು ಒಳಕ್ಕೆ ಎಳೆದುಕೊಂಡಳು.

“ಜ್ವರ ಬಿಟ್ಟಿತು ಎಂದಿದ್ದೆಯಲ್ಲ ತಾಯಿ?”

“ಬಿಡಲಿಲ್ಲ ಅನ್ನುವುದು ಹೇಗೆ ಪಂಡಿತರೇ? ಆ ಬಿಸಿಲಲ್ಲಿ ಕೆಸರು ತುಳಿದು ಬರುತ್ತೀರಿ. ಬಿಡಲಿಲ್ಲ ಎಂದರೆ ನಿಮ್ಮ ಕೈಗುಣಕ್ಕೆ ಕುಂದು ತಂದ ಹಾಗೆ. ಆಮೇಲೆ ನೀವು ಯಾರಿಗೆ ಕೊಟ್ಟರೂ ಹತ್ತುವುದಿಲ್ಲ. ಕೇರಿಯವರೆಲ್ಲ ಮಾತಾಡಿಕೊಂಡೇ ಹಾಗೆ ಹೇಳಿದ್ದು.”

ವೈದ್ಯ ಅಲ್ಲೇ ನೆಲದ ಮೇಲೆ ಕೂತ. “ನಿನಗೆ ಕೊಟ್ಟದ್ದು ಮದ್ದೇ ಅಲ್ಲ ತಾಯಿ. ಬೇವು ಬೆಲ್ಲ.”

ಬಾಗಿಲಲ್ಲಿ ನಿಂತಿದ್ದ ಅವಳ ಗಂಡ, “ಯುಗಾದಿಗೆ ಇನ್ನೂ ದಿನವಿದೆಯಲ್ಲ ಪಂಡಿತರೇ” ಎಂದ. ಯಾರೂ ನಗಲಿಲ್ಲ. ಹೆಂಗಸೇ, “ನೀವೂ ನಮಗೆ ಹೇಳಲಿಲ್ಲ. ನಾವೂ ನಿಮಗೆ ಹೇಳಲಿಲ್ಲ” ಎಂದಳು.

ವೈದ್ಯ ಕೇರಿಯವರನ್ನೆಲ್ಲ ಕೂಡಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರ ಮಾತನ್ನೂ ಇದ್ದ ಹಾಗೆಯೇ ಕೇಳಿದ. ಮದ್ದು ತಿಂದವರಿಗೆ ಜ್ವರ ನಿಜವಾಗಿಯೂ ನಿಂತಿತ್ತು. ಮಿಕ್ಕವರೆಲ್ಲ ಕಂಬಳಿಯೊಳಗೆ ನಡುಗುತ್ತಲೇ ಇದ್ದರು. ಅವರಿಗೂ ಅಂದೇ ಮದ್ದು ಕೊಟ್ಟು, ಓಡೋಡಿ ಮನೆಗೆ ಬಂದು ಮಗಳಿಗೂ ಕೊಟ್ಟ. ಅವಳ ಜ್ವರ ನಿಂತಿತು. ಕಣ್ಣಿಗೂ ಏನಾಗಲಿಲ್ಲ. ಆದರೆ ಅಷ್ಟರಲ್ಲಿ ಎಡಗಾಲು ಬಾತು ಗಟ್ಟಿಯಾಗಿತ್ತು. ಅದು ಇಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೈಮುಗಿದುಕೊಂಡು ಕುಳಿತೇ ಇದ್ದ.

“ಅರ್ಥವಾಯಿತೇ?” ಎಂದು ಕೇಳಿದರು ಗುರುಗಳು.

ಅರ್ಥವಾಗಲಿ ಬಿಡಲಿ ದಿನವೂ ಹೇಳುವಂತೆ ಹೌದೆನ್ನಲು ಶಿಷ್ಯ ಬಾಯಿ ತೆರೆದ. ಮಾತು ಹೊರಡಲಿಲ್ಲ.