ಮುತ್ತಿಗೊಂದು ಗಂಟು

ಹತ್ತಿರ ಬನ್ನಿ ಮಕ್ಕಳೇ, ಹತ್ತಿರ ಬನ್ನಿ. ಮುಂದೆ ಕೂತವರು ಹೂಂಗುಡಬೇಕು, ಹಿಂದೆ ಕೂತವರು ಗದ್ದಲ ಮಾಡಬಾರದು. ಹೂಂಗುಡುವುದು ನಿಂತರೆ ನನ್ನ ಕತೆಯೂ ನಿಲ್ಲುತ್ತದೆ, ಈಗಲೇ ಹೇಳಿಬಿಟ್ಟಿದ್ದೇನೆ.

ಒಂದು ರಾಜ್ಯ. ರಾಜ್ಯಕ್ಕೊಬ್ಬ ರಾಜ. ರಾಜನಿಗೊಬ್ಬಳು ರಾಣಿ, ಹೆಸರು ಚಂದಲೆ. ರಾಣಿಯ ಕೊರಳಲ್ಲೊಂದು ಮುತ್ತಿನ ಸರ. ಆ ಸರದ ನಟ್ಟನಡುವೆ ನೆಲ್ಲಿಕಾಯಿ ಗಾತ್ರದ ಒಂದು ಮುತ್ತು. ಅಂಥದ್ದು ಇಡೀ ರಾಜ್ಯದಲ್ಲಿ ಇನ್ನೊಂದಿರಲಿಲ್ಲ. ಚಂದ್ರನ ಹಾಗಿದೆಯೆಂದು ಜನ ಅದಕ್ಕೆ ತಿಂಗಳಮುತ್ತು ಎಂದು ಹೆಸರಿಟ್ಟಿದ್ದರು.

ಅದೇ ಊರಿನಲ್ಲಿ, ರೇಷ್ಮೆ ದಾರದಲ್ಲಿ ಒಡವೆ ಪೋಣಿಸುವ ಪಟವೇಗಾರರ ಓಣಿಯ ಕೊನೆಯ ಮನೆಯಲ್ಲಿ, ತುಳಜವ್ವ ಎಂಬ ಹೆಂಗಸು ಇದ್ದಳು. ಅವಳದ್ದು ಸರ ಪೋಣಿಸುವ ಕಸುಬು. ಒಂದು ಜಗುಲಿ, ಒಂದು ಮೊರ, ಒಂದು ರೇಷ್ಮೆ ದಾರದ ಉಂಡೆ, ಇಷ್ಟೇ ಅವಳ ಆಸ್ತಿ. ಕಡಲ ಕಡೆಯಿಂದ ಮುತ್ತಿನ ವ್ಯಾಪಾರಿಗಳು ಬರುತ್ತಿದ್ದರು. ದುಂಡನೆಯ ದೊಡ್ಡ ಮುತ್ತು ಅರಮನೆಗೆ ಹೋಗುತ್ತಿತ್ತು. ನಡುತರದ್ದು ಸಾಹುಕಾರರ ಮನೆಗೆ ಹೋಗುತ್ತಿತ್ತು. ಸೊಟ್ಟನೆಯದು, ಚಪ್ಪಟೆಯದು, ರಾಗಿ ಕಾಳಿನಷ್ಟು ಸಣ್ಣದು ಉಳಿಯುತ್ತಿತ್ತು. ಅದನ್ನು ವ್ಯಾಪಾರಿಗಳು ಗುಡಿಸಿ ಒಂದು ಮೂಲೆಗೆ ತಳ್ಳುತ್ತಿದ್ದರು. ತುಳಜವ್ವ ಹೋಗಿ ಅದನ್ನೇ ಕೇಳಿ ತರುತ್ತಿದ್ದಳು.

ಬರುವ ದಾರಿಯಲ್ಲಿ ಹೊಳೆಗೆ ಇಳಿಯುತ್ತಿದ್ದಳು. ಕೆಂಪು ಕಲ್ಲು, ಜೇನುಬಣ್ಣದ ಕಲ್ಲು, ಪಾಚಿಬಣ್ಣದ ಕಲ್ಲು ಆರಿಸಿ ಉಡಿಯಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಮನೆಯಲ್ಲಿ ಕೂತು ಸಾಣೆಗೆ ಹಿಡಿದು ಉಜ್ಜುತ್ತಿದ್ದಳು. ಉಜ್ಜಿ ಉಜ್ಜಿ ಬೆರಳು ನೊಂದ ಮೇಲೆ, ಕಲ್ಲಿನೊಳಗೆ ದೀಪ ಹಚ್ಚಿಟ್ಟಂತೆ ಬೆಳಕು ಕಾಣಿಸುತ್ತಿತ್ತು. ಎಷ್ಟು ವರ್ಷದಿಂದ ಮಾಡುತ್ತಿದ್ದರೂ ಆ ಗಳಿಗೆಯಲ್ಲಿ ತುಳಜವ್ವ ಕೈ ನಿಲ್ಲಿಸಿ, ಬಾಯಿ ತೆರೆದು ನೋಡುತ್ತಲೇ ಕೂರುತ್ತಿದ್ದಳು.

ಆಮೇಲೆ ಪೋಣಿಸುವ ಕೆಲಸ. ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಬಿಗಿಯಾಗಿ ಹೊಸೆಯುವಳು. ತುದಿಗೆ ಅಂಟು ಹಚ್ಚಿ ಸೂಜಿಯಂತೆ ಗಟ್ಟಿ ಮಾಡುವಳು. ಒಂದು ಮುತ್ತು, ಒಂದು ಗಂಟು. ಒಂದು ಮುತ್ತು, ಒಂದು ಗಂಟು. ಒಂದು ಕಲ್ಲು, ಮತ್ತೆ ಒಂದು ಗಂಟು. ಸಾಸಿವೆಗಿಂತ ಸಣ್ಣ ಗಂಟು, ಕಣ್ಣಿಗೆ ಕಾಣುವುದೇ ಇಲ್ಲ. ಇಂಥ ಒಂದು ಸರಕ್ಕೆ ಅವಳು ಕೇಳುತ್ತಿದ್ದದ್ದು ಒಂದು ಸೇರು ಜೋಳ.

ಸೌದೆ ಹೊರುವ ಕಾಳವ್ವ ಒಮ್ಮೆ ಸರ ಮಾಡಿಸಿಕೊಳ್ಳಲು ಬಂದು ಕೂತಳು. ಕೂತು ಕೂತು ಸಾಕಾಯಿತು.

"ಎಷ್ಟು ಗಂಟು ಹಾಕ್ತೀ ತುಳಜಕ್ಕಾ? ಗಂಟಿಲ್ಲದ ಪೋಣಿಸಿದ್ರ ಇಷ್ಟೊತ್ತಿಗೆ ಮುಗೀತಿತ್ತು."

"ನಿನ್ನ ಕೊರಳು ಸೌದಿ ಹೊರೋ ಕೊರಳು. ದಾರ ಒಂದಿನ ಹರೀತೈತಿ," ಎಂದಳು ತುಳಜವ್ವ. "ಹರಿದ್ರ ಒಂದು ಮುತ್ತು ಹೋಗ್ಲಿ. ಇಡೀ ಸರ ಚೆಲ್ಲಿದ್ರ ಕಾಡಿನ ದಾರ್‍ಯಾಗ ಎಲ್ಲಿ ಆರಸ್ತಿ?"

ಸರ ಮುಗಿಯಿತು. ಕಾಳವ್ವ ಅದನ್ನು ಕೊರಳಿಗೆ ಹಾಕಿಕೊಂಡು, ತುಂಬಿದ ಕೊಡದ ನೀರಿನಲ್ಲಿ ಮುಖ ನೋಡಿಕೊಂಡಳು. ದಿನವಿಡೀ ಮಾತಾಡುವ ಹೆಂಗಸು, ಅವತ್ತು ಒಂದು ಮಾತೂ ಆಡದೆ ಕಣ್ಣು ಒರೆಸಿಕೊಂಡು ಹೋದಳು.

ಹೀಗೆ ಹೂವಿನವಳು ಹಾಕಿದಳು, ಮೊಸರಿನವಳು ಹಾಕಿದಳು, ಬಟ್ಟೆ ಒಗೆಯುವವಳು ಹಾಕಿದಳು. ಓಣಿ ಓಣಿಯಲ್ಲಿ ಮುತ್ತು ಹೊಳೆಯಿತು.

ಇನ್ನು ಅರಮನೆಯ ಕಡೆ ಬನ್ನಿ. ಅಲ್ಲಿ ಒಡವೆಗಳ ಉಸ್ತುವಾರಿಗೆ ಭಂಡಾರಿ ಸಂಕಪ್ಪ ಎಂಬವನಿದ್ದ. ರಾಣಿಯ ಸರ ಪೋಣಿಸುವವನೂ ಅವನೇ, ಅದನ್ನು ಅವಳ ಕೊರಳಿಗೆ ಹಾಕುವ ಹಕ್ಕೂ ಅವನದೇ. ಅರಮನೆಯಲ್ಲೊಂದು ಪದ್ಧತಿ ಇತ್ತು. ರಾಣಿಯ ಒಡವೆ ಹರಿದರೆ ಅದನ್ನು ನೋಡುವುದು ಅಪಶಕುನ. ರಾಜನೂ ಸೇರಿ ಎಲ್ಲರೂ ಕಣ್ಣು ಮುಚ್ಚಬೇಕು. ಭಂಡಾರಿ ಒಬ್ಬನೇ ಎಲ್ಲವನ್ನೂ ಆರಿಸಿ "ಕಣ್ಣು ತೆರೆಯಿರಿ" ಎಂದ ಮೇಲೆ ತೆರೆಯಬೇಕು. ಈ ಪದ್ಧತಿ ಯಾರು ಮಾಡಿದರೋ, ಯಾಕೆ ಮಾಡಿದರೋ, ಯಾರೂ ಕೇಳಿರಲಿಲ್ಲ.

ಯುಗಾದಿಯ ದರ್ಬಾರಿನಲ್ಲಿ ರಾಣಿಯ ಸರ ಹರಿಯಿತು. ಮುತ್ತುಗಳು ಆಲಿಕಲ್ಲಿನಂತೆ ಚಟಪಟ ಚೆಲ್ಲಿದವು. ಎಲ್ಲರೂ ಕಣ್ಣು ಮುಚ್ಚಿದರು. ಸಂಕಪ್ಪ ಆರಿಸಿದ, ಪೋಣಿಸಿ ತಂದುಕೊಟ್ಟ. ಯಾಕೋ ಸರದ ಎಡಭಾಗ ಮಂಕಾಗಿತ್ತು. ನವರಾತ್ರಿಯ ದರ್ಬಾರಿನಲ್ಲಿ ಸರ ಮತ್ತೆ ಹರಿಯಿತು. ಮತ್ತೆ ಚಟಪಟ, ಮತ್ತೆ ಎಲ್ಲರ ಕಣ್ಣು ಮುಚ್ಚಿತು, ಮತ್ತೆ ಸಂಕಪ್ಪ ಆರಿಸಿದ. ಈಗ ಬಲಭಾಗವೂ ಮಂಕು. ನಡುವಿನ ತಿಂಗಳಮುತ್ತು ಮಾತ್ರ ಮೊದಲಿನಂತೆ ಹೊಳೆಯುತ್ತಿತ್ತು.

ಕಣ್ಣು ಮುಚ್ಚಿದವರಿಗೆ ಕಾಣಲಿಲ್ಲ, ನಾನು ಹೇಳುತ್ತೇನೆ ಕೇಳಿ. ಸಂಕಪ್ಪನ ಉಂಗುರಕ್ಕೆ ಒಂದು ಸಣ್ಣ ಅಲಗು ಇತ್ತು. ಸರ ಹಾಕುವ ನೆಪದಲ್ಲಿ ದಾರ ಕೊಯ್ಯುತ್ತಿದ್ದವನು ಅವನೇ. ನಿಜವಾದ ಮುತ್ತು ಅವನ ಸೊಂಟದ ಚೀಲ ಸೇರುತ್ತಿತ್ತು, ಗಾಜಿನ ಮಣಿ ರಾಣಿಯ ಕೊರಳು ಸೇರುತ್ತಿತ್ತು.

"ನನ್ನ ಮುತ್ತುಗಳು ಸಾಯುತ್ತಿವೆ," ಎಂದು ಚಂದಲೆ ರಾಣಿ ಅತ್ತಳು. ರಾಜ ಸಂಕಪ್ಪನನ್ನು ಕರೆಸಿ ಕೇಳಿದ.

"ಮಹಾಪ್ರಭು, ಅರಮನೆಯ ಮುತ್ತು ಮಂಕಾಗಿದೆ, ಸೌದೆಯವಳ ಕೊರಳಲ್ಲಿ ಮುತ್ತು ಹೊಳೆಯುತ್ತಿದೆ," ಎಂದ ಸಂಕಪ್ಪ. "ಹೊಳಪು ಎಲ್ಲಿಗೆ ಹೋಯಿತೆಂದು ಬೇರೆ ಹೇಳಬೇಕೇ? ಪಟವೇಗಾರರ ಓಣಿಯ ತುಳಜವ್ವ ಮಂತ್ರ ಹಾಕಿ ಎಳೆದುಕೊಂಡಿದ್ದಾಳೆ."

ರಾಜ ಒಳ್ಳೆಯವನೇ. ಆದರೆ ಹಿತ್ತಾಳೆ ಕಿವಿ. ಮರುದಿನವೇ ತುಳಜವ್ವ ದರ್ಬಾರಿನಲ್ಲಿ ಕೈಕಟ್ಟಿ ನಿಂತಿದ್ದಳು.

"ಹುಣ್ಣಿಮೆಯ ದರ್ಬಾರಿನೊಳಗೆ ರಾಣಿಯ ಮುತ್ತಿನ ಹೊಳಪು ಮರಳಿ ಬರಬೇಕು," ಎಂದ ರಾಜ. "ಬಾರದಿದ್ದರೆ ನೀನು ರಾಜ್ಯ ಬಿಡಬೇಕು. ನೀನು ಪೋಣಿಸಿದ ಸರಗಳನ್ನೆಲ್ಲ ಹೆಂಗಸರ ಕೊರಳಿಂದ ತೆಗೆಸಿ ಹೊಳೆಗೆ ಹಾಕಿಸುತ್ತೇನೆ."

ತುಳಜವ್ವ ಯೋಚಿಸಿದಳು. ತಾನು ಹೋದರೆ ಹೋದೇನು, ಎಲ್ಲಿ ಕೂತರೂ ಕಾಲ್ಬೆರಳಿಗೆ ದಾರ ಸಿಕ್ಕಿಸಬಹುದು. ಆದರೆ ಕಾಳವ್ವನ ಸರ? ಕೊಡದ ನೀರಿನಲ್ಲಿ ಮುಖ ನೋಡಿಕೊಂಡು ಅತ್ತವಳ ಕೊರಳಿಗೆ ಯಾರು ಕೈ ಹಾಕುವುದು?

"ದೊರಿಗಳೇ, ಒಮ್ಮೆ ಆ ಸರ ಕೈಯಾಗ ಕೊಡ್ರಿ," ಎಂದಳು.

ಕೊಟ್ಟರು. ಎಡಗಡೆಯ ಮುತ್ತೊಂದನ್ನು ಮುಂದಿನ ಹಲ್ಲಿಗೆ ಮೆಲ್ಲಗೆ ಉಜ್ಜಿದಳು. ನುಣ್ಣಗೆ ಜಾರಿತು. ಬಲಗಡೆಯದನ್ನು ಉಜ್ಜಿದಳು. ಅದೂ ನುಣ್ಣಗೆ ಜಾರಿತು. ತಿಂಗಳಮುತ್ತನ್ನು ಉಜ್ಜಿದಳು. ಸಣ್ಣ ಮರಳು ಮುಟ್ಟಿದಂತೆ ತರಿತರಿ ಎಂದಿತು. ನಿಜವಾದ ಮುತ್ತು ಹಾಗೇ ಅನ್ನಬೇಕು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ತುಳಜವ್ವ ತನ್ನ ಕಷ್ಟವನ್ನೇ ಮರೆತಳು. ಕಡಲ ತಳದ ಕತ್ತಲೆಯಲ್ಲಿ, ಒಂದು ಚಿಪ್ಪಿನ ಹೊಟ್ಟೆಯೊಳಗೆ, ಯಾರ ಕಣ್ಣಿಗೂ ಬೀಳದೆ ಇಷ್ಟು ಬೆಳಕು ಹೇಗೆ ಬೆಳೆಯಿತಪ್ಪಾ ಎಂದು ಅವಳ ಮೈ ಜುಮ್ಮೆಂದಿತು. ತನ್ನ ಮೊರದಲ್ಲಿರುವ ಸೊಟ್ಟ ಮುತ್ತಿನದೂ ಇದೇ ಬೆಳಕು, ಸ್ವಲ್ಪ ಚಿಕ್ಕದು ಅಷ್ಟೇ.

ತಲೆ ಎತ್ತಿ ನೋಡಿದರೆ ಎದುರಿಗೆ ಸಂಕಪ್ಪ ಉಂಗುರ ತಿರುವುತ್ತಾ ನಿಂತಿದ್ದ, ಉಂಗುರದಲ್ಲಿ ಅಲಗಿನಂತೆ ಏನೋ ಮಿಂಚಿತು. ಅವಳಿಗೆ ಎಲ್ಲ ತಿಳಿಯಿತು. ಆದರೆ ಈಗ ಬಾಯಿ ಬಿಟ್ಟರೆ "ನೀನೇ ಈಗ ಬದಲಿಸಿದೆ" ಅನ್ನುತ್ತಾನೆ. ಭಂಡಾರಿಯ ಮಾತಿನೆದುರು ಓಣಿಯ ಹೆಂಗಸಿನ ಮಾತು ನಿಲ್ಲುತ್ತದೆಯೇ? ತುಳಜವ್ವ ರಾಜನ ಕಡೆ ತಿರುಗಿದಳು.

"ದೊರಿಗಳೇ, ನಡುವಿನ ಮುತ್ತೊಂದು ಜೀವ ಹಿಡಕೊಂಡೈತ್ರಿ. ಉಳಿದವುಗಳ ಹೊಳಪು ಎಲ್ಲಿ ಹೋತು ಅಂತ ಹುಣ್ಣಿಮಿ ದರ್ಬಾರದಾಗ ಅದೇ ತೋರಸ್ತೈತಿ. ಸರ ನಾ ಪೋಣಸ್ತೀನಿ. ರಾಣಿಯವ್ವಗ ಹಾಕೋದು ಮಾತ್ರ ಭಂಡಾರಿಯವರೇ ಹಾಕ್ಲಿ. ಅವರ ಹಕ್ಕು ನಮಗ್ಯಾಕ್ರಿ?"

ಸಂಕಪ್ಪನಿಗೆ ಒಳಗೊಳಗೇ ಹಿಗ್ಗು. ಉಳಿದದ್ದು ತಿಂಗಳಮುತ್ತೊಂದೇ, ಅದೂ ತಾನಾಗಿ ಕೈಗೆ ಬರುತ್ತಿದೆ. ಬೈಗುಳ ಮಾತ್ರ ಈ ಹೆಂಗಸಿನ ಪಾಲಿಗೆ.

ತುಳಜವ್ವ ಅರಮನೆಯ ಅಂಗಳದಲ್ಲೇ ಕೂತು ಪೋಣಿಸಿದಳು. ಒಂದು ಮುತ್ತು, ಒಂದು ಗಂಟು. ಗಾಜಿನ ಮಣಿಗೂ ಒಂದು ಗಂಟು. ಸಂಕಪ್ಪ ಅವಳ ಮುಂದೆಯೇ ಮೂರು ಸಲ ಹಾದುಹೋದ. ಮೊದಲ ಸಲ ತಿಂಗಳಮುತ್ತಿನಂಥದೇ ಗಾಜಿನ ಮಣಿ ಮಾಡಿಸುವ ಯೋಚನೆಯಲ್ಲಿದ್ದ. ಎರಡನೆಯ ಸಲ ನಿಜವಾದದ್ದನ್ನು ಎಲ್ಲಿ ಬಚ್ಚಿಡಲಿ ಎಂಬ ಯೋಚನೆಯಲ್ಲಿದ್ದ. ಮೂರನೆಯ ಸಲ ಅದನ್ನು ಯಾವ ದೇಶದಲ್ಲಿ ಮಾರಲಿ ಎಂಬ ಯೋಚನೆಯಲ್ಲಿದ್ದ. ಕಾಲ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಕೂತವಳ ಕೈಯತ್ತ ಒಮ್ಮೆಯೂ ನೋಡಲಿಲ್ಲ. ನೋಡುವುದು ತನ್ನ ಘನತೆಗೆ ಕಮ್ಮಿ ಎಂದುಕೊಂಡಿದ್ದ.

ಕೆಲಸ ಮುಗಿಸಿದ ತುಳಜವ್ವ ಸರವನ್ನು ರಾಣಿಯ ಕೈಗೆ ಕೊಟ್ಟು, ಬಾಗಿ ಕಿವಿಯಲ್ಲಿ ಒಂದು ಮಾತು ಹೇಳಿದಳು. ರಾಣಿ ತಲೆಯಾಡಿಸಿದಳು.

ಹುಣ್ಣಿಮೆಯ ದಿನ ಬಂತು. ದರ್ಬಾರು ಕಿಕ್ಕಿರಿದು ತುಂಬಿತ್ತು. ಹಿಂದೆ ಬಾಗಿಲ ಬಳಿ ಊರ ಹೆಂಗಸರು ನಿಂತಿದ್ದರು. ಕಾಳವ್ವ ತನ್ನ ಸರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಿದ್ದಳು, ಇವತ್ತು ಹೊಳೆಗೆ ಹೋಗುತ್ತದೋ ಏನೋ ಎಂದು.

ಸಂಕಪ್ಪ ರಾಣಿಯ ಹಿಂದೆ ಬಂದ. ಸರ ಹಾಕಿದ. ಕೊಂಡಿ ಸರಿಮಾಡುವವನಂತೆ ಬೆರಳಾಡಿಸಿದ. ಟಪ್! ದಾರ ಹರಿಯಿತು.

"ಅಯ್ಯೋ, ಸರ ಹರಿಯಿತು! ಮುತ್ತು ಚೆಲ್ಲಿತು! ಯಾರೂ ಅಲ್ಲಾಡಬೇಡಿ! ಕಣ್ಣು ಮುಚ್ಚಿ! ಎಲ್ಲರೂ ಕಣ್ಣು ಮುಚ್ಚಿ!"

ಎಲ್ಲರೂ ಕಣ್ಣು ಮುಚ್ಚಿದರು. ತುಳಜವ್ವನೂ ಮುಚ್ಚಿದಳು. ಮುಚ್ಚಿ ಕಿವಿಗೊಟ್ಟಳು. ಒಂದು ಗಂಟು ಸಡಿಲಾಗಿದ್ದರೆ ಮುಗಿಯಿತು. ಎಲ್ಲೋ ಒಂದು ಕಡೆ ಕೈ ತಪ್ಪಿದ್ದರೆ ಮುಗಿಯಿತು. ಚಟಪಟ ಸದ್ದು ಈಗ ಬಂತು, ಈಗ ಬಂತು ಎಂದು ಉಸಿರು ಬಿಗಿಹಿಡಿದಳು.

ಸದ್ದು ಬರಲಿಲ್ಲ. ಅಷ್ಟು ದೊಡ್ಡ ಕಲ್ಲುನೆಲದ ಮೇಲೆ ಒಂದು ಕಾಳು ಬಿದ್ದಷ್ಟೂ ಸದ್ದಿಲ್ಲ. ಕಣ್ಣು ಮುಚ್ಚಿ ನಿಂತ ಮಂದಿಯೆಲ್ಲ ಅದನ್ನು ಕೇಳಿದರು. ಕೇಳಿ ಅವರ ಮೈಯೆಲ್ಲ ನವಿರೆದ್ದಿತು. ಸಂಕಪ್ಪನಿಗೆ ಮಾತ್ರ ತನ್ನ ಕೂಗಾಟದಲ್ಲಿ ಏನೂ ಕೇಳಿಸಲಿಲ್ಲ.

ಅವನು ನೆಲಕ್ಕೆ ಕುಕ್ಕರಿಸಿದ, ಮಂಡಿಯೂರಿದ, ತೆವಳಿದ. ಸಿಂಹಾಸನದ ಕೆಳಗೆ ತಡಕಾಡಿದ. ಒಂದು ಮುತ್ತೂ ಸಿಗಲಿಲ್ಲ. ದೂರ ಉರುಳಿರಬೇಕು, ಆಮೇಲೆ ಬಂದು ಹುಡುಕಿಕೊಂಡರಾಯಿತು ಎಂದುಕೊಂಡ. ಸೊಂಟದ ಚೀಲದಿಂದ ದೊಡ್ಡ ಗಾಜಿನ ಮಣಿ ತೆಗೆದು ಎತ್ತಿ ಹಿಡಿದ.

"ಕಣ್ಣು ತೆರೆಯಿರಿ! ತಿಂಗಳಮುತ್ತು ಸಿಕ್ಕಿತು! ಉಳಿದವು ಚೆಲ್ಲಾಪಿಲ್ಲಿಯಾಗಿವೆ. ಈ ತುಳಜವ್ವ ಲಡ್ಡಾದ ದಾರ ಹಾಕಿ ರಾಣಿಯವರ ಸರವನ್ನೇ ಹಾಳುಮಾಡಿದಳು!"

ಆಗ ಚಂದಲೆ ರಾಣಿ ಮಡಿಲ ಮೇಲಿದ್ದ ಸೆರಗನ್ನು ಸರಿಸಿದಳು. ಸರದ ಒಂದು ತುದಿ ಹಿಡಿದು ಮೆಲ್ಲಗೆ ಮೇಲೆತ್ತಿದಳು. ಹರಿದ ಸರ ಅದು. ಆದರೂ ಒಂದು ಮುತ್ತು ಜಾರಲಿಲ್ಲ, ಒಂದು ಮಣಿ ಉದುರಲಿಲ್ಲ. ಇಡೀ ಸರ ಹಾಗೇ ತೂಗುತ್ತಿತ್ತು. ನಟ್ಟನಡುವೆ ಎರಡು ಗಂಟುಗಳ ನಡುವೆ ತಿಂಗಳಮುತ್ತು ಕೂತಿತ್ತು, ಕಿಟಕಿಯ ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ದರ್ಬಾರಿಗೆ ದರ್ಬಾರೇ ಮುಂದಕ್ಕೆ ಬಾಗಿ ನೋಡಿತು. ಈಟಿ ಹಿಡಿದ ಕಾವಲಿನವರು ಕೂಡ ಕೈಮುಗಿದರು. ಪೋಣಿಸಿದ ತುಳಜವ್ವನೇ ಬೆರಗಾಗಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಸಂಕಪ್ಪನವರೇ, ತಿಂಗಳಮುತ್ತು ನನ್ನ ಕೈಯಲ್ಲಿದೆ," ಎಂದಳು ರಾಣಿ. "ನಿಮ್ಮ ಕೈಯಲ್ಲಿರುವುದು ಯಾವುದು?"

ಸಂಕಪ್ಪ ಎತ್ತಿದ ಕೈ ಇಳಿಸಿ ಮಣಿಯನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡ.

"ಮಡಿಲಿಗೆ ಏನು ಬಿದ್ದರೂ ಸೆರಗು ಮುಚ್ಚಿ, ಭಂಡಾರಿ ಮಾತಾಡುವ ತನಕ ತುಟಿ ಬಿಚ್ಚಬೇಡಿ ಎಂದು ಈಕೆ ನನ್ನ ಕಿವಿಯಲ್ಲಿ ಹೇಳಿದ್ದಳು," ಎಂದು ರಾಣಿ ರಾಜನಿಗೆ ತಿಳಿಸಿದಳು.

"ದೊರಿಗಳೇ, ಎರಡನ್ನೂ ಹಲ್ಲಿಗೆ ತಿಕ್ಕಿ ನೋಡ್ರಿ," ಎಂದಳು ತುಳಜವ್ವ. "ನಿಜವಾದದ್ದು ಮರಳು ಮರಳು ಅಂತೈತಿ. ಗಾಜು ಜಾರ್ತೈತಿ."

ರಾಜ ತಾನೇ ತಿಕ್ಕಿ ನೋಡಿದ. ಒಂದು ತರಿತರಿ ಎಂದಿತು, ಒಂದು ಜಾರಿತು. ರಾಜನ ಮುಖ ಕೆಂಪಾಯಿತು. ಉಂಗುರ ಬಿಚ್ಚಿಸಿದರು, ಅಲಗು ಸಿಕ್ಕಿತು. ಚೀಲ ಬಿಚ್ಚಿಸಿದರು, ಇನ್ನಷ್ಟು ಗಾಜಿನ ಮಣಿ ಸಿಕ್ಕಿತು. ಮನೆ ಹುಡುಕಿಸಿದರು, ಅಕ್ಕಿಯ ಮಡಕೆಯ ತಳದಲ್ಲಿ ರಾಣಿಯ ಮುತ್ತುಗಳೆಲ್ಲ ಸಿಕ್ಕಿದವು. ಒಂದೂ ಸತ್ತಿರಲಿಲ್ಲ.

"ಕಣ್ಣು ಮುಚ್ಚಿದ್ದು ನನ್ನ ತಪ್ಪು," ಎಂದ ರಾಜ. "ಇನ್ನು ಮೇಲೆ ಈ ಅರಮನೆಯಲ್ಲಿ ಏನು ಹರಿದರೂ ಯಾರೂ ಕಣ್ಣು ಮುಚ್ಚಬೇಕಾಗಿಲ್ಲ. ಸಂಕಪ್ಪ, ನೀನು ತುಳಜವ್ವನ ಜಗುಲಿಯಲ್ಲಿ ಕೂತು ಊರ ಹೆಂಗಸರ ಸರಕ್ಕೆ ಗಂಟು ಹಾಕು. ಒಂದು ಮುತ್ತಿಗೆ ಒಂದು ಗಂಟು. ಸಡಿಲಾದರೆ ಬಿಚ್ಚಿ ಮತ್ತೆ ಹಾಕು."

ಮರುದಿನ ಬೆಳಿಗ್ಗೆ ಪಟವೇಗಾರರ ಓಣಿಗೆ ಚಂದಲೆ ರಾಣಿ ನಡೆದೇ ಬಂದಳು. ಸೆರಗಿನಲ್ಲಿ ಒಂದು ಸೇರು ಜೋಳ ಕಟ್ಟಿಕೊಂಡು ಬಂದಿದ್ದಳು.

"ನನಗೂ ಒಂದು ಸೊಟ್ಟ ಮುತ್ತಿನ ಸರ ಬೇಕು, ತುಳಜವ್ವ."

ತುಳಜವ್ವ ಜೋಳ ಅಳೆದು ತಗೊಂಡಳು. ಎಲ್ಲರಿಗೂ ಅಳೆಯುವ ಹಾಗೇ ಅಳೆದಳು. ಸೊಟ್ಟ ಮುತ್ತು, ಜೇನುಬಣ್ಣದ ಹೊಳೆಗಲ್ಲು ಆರಿಸಿ ಸರ ಪೋಣಿಸಿ ಕೊಟ್ಟಳು. ರಾಣಿ ಅದನ್ನು ಹಾಕಿಕೊಂಡು ಕಾಳವ್ವನ ಪಕ್ಕದಲ್ಲಿ ನಿಂತು ಕೊಡದ ನೀರಿನಲ್ಲಿ ಬಗ್ಗಿ ನೋಡಿದಳು. ನೀರಿನಲ್ಲಿ ಎರಡು ಕೊರಳು ಕಂಡವು, ಎರಡರಲ್ಲೂ ಅದೇ ಬೆಳಕಿತ್ತು. ಅರಮನೆಯ ರಾಣಿಯೂ ಅವತ್ತು ಒಂದು ಮಾತೂ ಆಡದೆ ಕಣ್ಣು ಒರೆಸಿಕೊಂಡಳು.

ಕೇಳಿದಿರಲ್ಲ ಮಕ್ಕಳೇ? ಎಲ್ಲರೂ ಕಣ್ಣು ಮುಚ್ಚಿದಾಗ ಕದ್ದವನನ್ನು ಅವನ ಕೈಯೇ ಹಿಡಿದುಕೊಟ್ಟಿತು. ಯಾರೂ ನೋಡದಿದ್ದರೂ ಬಿಗಿಯಾಗಿ ಗಂಟು ಹಾಕಿದವಳನ್ನು ಅವಳ ಕೆಲಸವೇ ಕಾಪಾಡಿತು. ಸೌದೆಯವಳಿಗೆ ಮಾಡಿದರೂ, ರಾಣಿಗೆ ಮಾಡಿದರೂ, ಮಾಡುವ ಕೆಲಸವನ್ನು ಒಂದೇ ನಿಷ್ಠೆಯಿಂದ ಮಾಡಿ. ಇದೇ ಈ ಕತೆಯ ನೀತಿ.

ಅವರು ಅಲ್ಲಿ ಮುತ್ತು ಪೋಣಿಸುತ್ತಾ ಕೂತಿದ್ದಾರೆ. ನಾನು ಇಲ್ಲಿ ಕತೆ ಪೋಣಿಸಿದೆ. ನನ್ನದಕ್ಕೂ ಗಂಟು ಹಾಕಿದೆ, ಇನ್ನು ಏಳಿ.