ಹೊನ್ನೂರಮ್ಮನ ಗಂಟಲು

ತುಂಗಭದ್ರೆಯ ದಂಡೆಯ ಮೇಲೊಂದು ಆಸ್ಪತ್ರೆ. ಗಂಟಲಿನ ಶಸ್ತ್ರಚಿಕಿತ್ಸೆ ಅಂದರೆ ಅಲ್ಲಿನ ಡಾಕ್ಟರ್ ವಿಶಾಲಾಕ್ಷಮ್ಮನವರದು ಎತ್ತಿದ ಕೈ. ಅವರ ಹತ್ತಿರ ಕೆಲಸ ಕಲಿಯಲು ಬಂದವನು ಕಿರಿಯ ಡಾಕ್ಟರ್ ತಿಪ್ಪೇಸ್ವಾಮಿ.

ಒಳ್ಳೆಯ ಹುಡುಗ, ಆದರೆ ಅವನಿಗೊಂದು ಚಟ. ಯಾವ ಕೆಲಸ ಹಿಡಿದರೂ ಕಡೆಯ ಚೂರನ್ನೂ ಬಿಡುತ್ತಿರಲಿಲ್ಲ. ಅವನು ಉಂಡೆದ್ದ ಎಲೆಯಲ್ಲಿ ಇನ್ನೊಬ್ಬರು ಊಟಕ್ಕೆ ಕೂರಬಹುದಿತ್ತು.

ಒಂದು ದಿನ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವ ಹೊನ್ನೂರಮ್ಮ ಬಂದಳು. ಹಿಂದೊಮ್ಮೆ ಜ್ವರ ಬಂದು ಸಾಯುವಂತಾದಾಗ, ಉಸಿರಾಡಲೆಂದು ಎರಡು ವಾರ ಅವಳ ಗಂಟಲಿಗೆ ನಳಿಕೆ ಹಾಕಿದ್ದರು. ಜೀವ ಉಳಿಯಿತು. ಆದರೆ ಒಳಗಿನ ಗಾಯ ಕಲೆಗಟ್ಟಿ, ಉಸಿರಿನ ದಾರಿ ಕಿರಿದಾಗಿತ್ತು. ಉಸಿರೆಳೆದರೆ ಸೀಟಿ ಊದಿದ ಸದ್ದು.

"ಬಸ್ಸು ನಿಲ್ಲೋದೇ ಐದು ನಿಮಿಷ. ಕೂಗದಿದ್ರೆ ಯಾರಪ್ಪ ಕೊಳ್ತಾರೆ?" ಅಂದಳು.

ವಿಶಾಲಾಕ್ಷಮ್ಮ ಆ ವಾರ ಊರಲ್ಲಿರಲಿಲ್ಲ. ತಿಪ್ಪೇಸ್ವಾಮಿಯೇ ಬಾಯೊಳಗಿಂದ ಕೊಳವೆ ಇಳಿಸಿ, ಕಲೆಯನ್ನು ಸುತ್ತಲೂ ಕೊಯ್ದು ತೆಗೆದ.

ಎರಡು ತಿಂಗಳಿಗೆ ಹೊನ್ನೂರಮ್ಮ ಮತ್ತೆ ಹಾಜರು. ಈಗ ಮೆಟ್ಟಿಲು ಹತ್ತುವುದಕ್ಕೂ ಉಸಿರು ಸಾಲದು.

"ಚೂರೂ ಬಿಡದೆ ತೆಗೆದಿದ್ದೆ ಮೇಡಂ. ಮೊದಲಿಗಿಂತ ಜಾಸ್ತಿ ಕಟ್ಟಿಕೊಂಡಿದೆ."

ಅವನಿಗೆ ಅಳು ಬರುವುದೊಂದೇ ಬಾಕಿ. ಇನ್ನೊಮ್ಮೆ ಹೀಗಾದರೆ ಕುತ್ತಿಗೆಗೆ ತೂತು ಕೊರೆದು ನಳಿಕೆ ಕೂರಿಸಬೇಕು. ಆಮೇಲೆ ಆಯಮ್ಮ ಕೂಗುವುದೆಲ್ಲಿಂದ ಬಂತು?

ವಿಶಾಲಾಕ್ಷಮ್ಮ ಬೈಯಲಿಲ್ಲ. ಗುದ್ದಲಿ ತಂದು ಅವನ ಕೈಗಿಟ್ಟರು.

"ಶಸ್ತ್ರಚಿಕಿತ್ಸೆ ನಾಡಿದ್ದು. ಅಷ್ಟರಲ್ಲಿ ಹಿತ್ತಲ ಕಾಲುವೆ ಬಿಡಿಸು. ಹುಲ್ಲು ಕಟ್ಟಿ ನೀರು ಬರ್ತಿಲ್ಲ."

ಹೇಳಬೇಕೆ? ತಿಪ್ಪೇಸ್ವಾಮಿ ಎರಡೂ ಬದಿಯ ಹುಲ್ಲನ್ನು ಬೇರು ಸಮೇತ ಕಿತ್ತು ನುಣ್ಣಗೆ ಮಾಡಿದ. ನೀರು ಬಿಟ್ಟರು. ಸಂಜೆಯೊಳಗೆ ಬರಿಮಣ್ಣಿನ ಬದು ಎರಡೂ ಕಡೆಯಿಂದ ಕುಸಿದು ಕಾಲುವೆ ಮುಚ್ಚಿತು.

ಮರುದಿನ ವಿಶಾಲಾಕ್ಷಮ್ಮ ಸೆರಗು ಸಿಕ್ಕಿಸಿಕೊಂಡು ತಾವೇ ಗುದ್ದಲಿ ಹಿಡಿದರು. ಪಕ್ಕದಲ್ಲೇ ಹುಲ್ಲು ಕಟ್ಟಿದ್ದ ಇನ್ನೊಂದು ಕಾಲುವೆಯಲ್ಲಿ, ಉದ್ದಕ್ಕೂ ಮೂರು ಸಾಲು ಮಾತ್ರ ಹುಲ್ಲು ಸೀಳಿದರು. ನಡುನಡುವೆ ಹಾಗೇ ಬಿಟ್ಟರು. ನೀರು ಹರಿಯಿತು. ಬದು ನಿಂತಿತು.

"ಮೇಡಂ, ಅಲ್ಲಲ್ಲಿ ಹುಲ್ಲು ಉಳಿದಿದೆಯಲ್ಲ?"

"ಮತ್ತೆ ಆ ಬರಿಮಣ್ಣಿನ ಮೇಲೆ ಹಬ್ಬಿ ಮುಚ್ಚೋರು ಯಾರು? ನೀನಾ?"

ತಿಪ್ಪೇಸ್ವಾಮಿ ಕುಕ್ಕರಗಾಲಲ್ಲಿ ಕೂತು, ಉಳಿದ ಹುಲ್ಲಿನ ಬೇರು ಬದುವಿನ ಮಣ್ಣನ್ನು ಹಿಡಿದಿದ್ದನ್ನು ಬೆರಳಿನಿಂದ ಮುಟ್ಟಿ ನೋಡಿದ.

ಶಸ್ತ್ರಚಿಕಿತ್ಸೆಯ ದಿನ ಹೊನ್ನೂರಮ್ಮನ ಗಂಟಲಿನ ಕಲೆಯನ್ನು ಮೂರು ಕಡೆ ಮಾತ್ರ ಸೀಳಿದ. ಸಣ್ಣ ಬಲೂನು ಊದಿ ದಾರಿ ಅಗಲಿಸಿದ. ನಡುವಿನ ಒಳಪದರ ಮುಟ್ಟಲಿಲ್ಲ. ಕೈ ಮಾತ್ರ ತುರಿಸುತ್ತಿತ್ತು.

"ಡಾಕ್ಟ್ರೇ, ಇನ್ನೂ ಉಳಿದಿದೆ," ಅಂದರು ಪಕ್ಕದಲ್ಲಿದ್ದ ಸಿಸ್ಟರ್.

"ಇರಲಿ ಬಿಡಿ ಸಿಸ್ಟರ್." ಅಷ್ಟು ಹೇಳುವಷ್ಟರಲ್ಲಿ ಅವನು ಬೆವತುಹೋಗಿದ್ದ.

ಆರು ತಿಂಗಳ ಮೇಲೆ ಗುರು ಶಿಷ್ಯರಿಬ್ಬರೂ ಬಸ್ಸಿನಲ್ಲಿ ಹೊರಟಿದ್ದರು. ನಿಲ್ದಾಣದಲ್ಲಿ ಬಸ್ಸು ನಿಂತದ್ದೇ ತಡ, ಅತ್ತ ಕಡೆಯಿಂದ ಒಂದು ದನಿ. ಸ್ವಲ್ಪ ಒರಟು, ಆದರೆ ಕಿವಿ ತೂತಾಗುವಷ್ಟು ಜೋರು.

"ಕಡ್ಲೆಕಾಯ್, ಬಿಸಿ ಕಡ್ಲೆಕಾಯ್!"

ಹೊನ್ನೂರಮ್ಮ ಕಿಟಕಿಯಲ್ಲಿ ಇವರನ್ನು ಕಂಡು ಹಲ್ಲು ಬಿಟ್ಟು ನಕ್ಕಳು, ದೊಡ್ಡ ಪೊಟ್ಟಣವನ್ನೇ ಒಳಗೆ ತೂರಿಸಿದಳು. ತಿಪ್ಪೇಸ್ವಾಮಿಗೆ ಹಿಗ್ಗು ತಡೆಯಲಾಗಲಿಲ್ಲ.

"ಅಂತೂ ಕೊಯ್ಯೋದು ಕಲಿತೆ, ಮೇಡಂ."

ವಿಶಾಲಾಕ್ಷಮ್ಮ ಒಂದು ಕಡಲೆಕಾಯಿ ಒಡೆದು ಬಾಯಿಗೆ ಹಾಕಿಕೊಂಡರು.

"ಕೊಯ್ಯೋದು ನಿನಗೆ ಮೊದಲೇ ಬರ್ತಿತ್ತಪ್ಪ."