ರದ್ದೆಂಬ ಮಾತೂ ಮೂರು ಬುಟ್ಟಿ ಮಣ್ಣೂ

ಒಂದು ಸೀಮೆಯಲ್ಲಿ ಬರೀ ಬಂಡೆಯ ಮೇಲೆ ಕಟ್ಟಿದ ಕೋಟೆ ಇತ್ತು. ಕೋಟೆಗೆ ಗೋಡೆ ಇತ್ತು, ಬುರುಜು ಇತ್ತು, ತಿಪ್ಪನಾಯಕನೆಂಬ ದೊರೆ ಇದ್ದ. ನೀರು ಮಾತ್ರ ಇರಲಿಲ್ಲ.

"ಕೋಟೆಯೊಳಗೆ ಸಿಹಿನೀರಿನ ಬಾವಿ ತೋಡಿದವರಿಗೆ ಗುಡ್ಡದ ಕೆಳಗಿನ ಹೊಲ. ಅವರ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಅವರದೇ," ಎಂದು ನಾಯಕ ಸಾರಿಸಿದ.

ಓಬಳ, ಮಾಳವ್ವ ಎಂಬ ಗಂಡಹೆಂಡಿರು ಬಂದರು. ಓಬಳ ಕೆಳಗಿಳಿದು ಕಲ್ಲು ಒಡೆಯುವನು. ಬುಟ್ಟಿ ತುಂಬಿದಾಗ "ಎಳಿಯೇ!" ಎಂದು ಕೂಗುವನು. ಮಾಳವ್ವ ಮೇಲಿನಿಂದ ಹಗ್ಗ ಎಳೆಯುವಳು. ಒಂದು ಬೇಸಿಗೆ ಹೋಯಿತು, ಬರೀ ಕಲ್ಲು. ಎರಡನೆಯದು ಹೋಯಿತು, ಬರೀ ಕಲ್ಲು. ಮೂರನೆಯ ಬೇಸಿಗೆಯಲ್ಲಿ ಕಲ್ಲಿನ ಕೆಳಗೆ ಕೆಂಪು ಮಣ್ಣು ಬಂತು, ಸೆಲೆ ಒಡೆಯಿತು. ಅದೇ ದಿನ ಪಕ್ಕದ ಬಂಡೆ ಜಾರಿ ಓಬಳ ಸತ್ತ. ಅವನನ್ನು ಹಗ್ಗ ಕಟ್ಟಿ ಮೇಲೆ ತಂದರು. ಆ ಹಗ್ಗವನ್ನೂ ಮಾಳವ್ವನೇ ಎಳೆದಳು.

ನಾಯಕ ಆಗ ಮಾತು ತಪ್ಪಲಿಲ್ಲ. ಬಾವಿಯ ನೀರನ್ನು ಅವಳ ಅಂಗೈಗೆ ಧಾರೆ ಎರೆದು ಹೊಲ ಕೊಟ್ಟ. ಮಾಳವ್ವ ಕಲ್ಲು ಆಯ್ದಳು, ಮಣ್ಣು ಹದ ಮಾಡಿದಳು, ನವಣೆ ಬಿತ್ತಿದಳು. ಹೊಲ ಹಸಿರಾಯಿತು. ಹಸಿರಾದ ಮೇಲೆ ಅದು ನಾಯಕನ ಭಾವಮೈದುನ ಕಾಟಯ್ಯನ ಕಣ್ಣಿಗೆ ಬಿತ್ತು.

ಆ ಸೀಮೆಯಲ್ಲಿ ಕೊಡುವುದಕ್ಕೆ ಮಾತಿತ್ತು. ಕೊಟ್ಟದ್ದನ್ನು ಇಲ್ಲವಾಗಿಸುವುದಕ್ಕೆ ಮಾತಿರಲಿಲ್ಲ. ಅದನ್ನು ತಂದವನು ದೂರದಿಂದ ಬಂದ ಕುದುರೆ ವ್ಯಾಪಾರಿ ಮೀರಾ ಸಾಹೇಬ. ನಾಯಕ ಹತ್ತಿಯ ಮೂಟೆ ಕೊಟ್ಟು ಅವನಿಂದ ಕುದುರೆ ತೆಗೆದುಕೊಂಡ. ನೋಡಿದರೆ ಅದು ಕುಂಟು.

"ತಪ್ಪು ನನ್ನದು ದೊರೆ. ವ್ಯಾಪಾರ ರದ್ದು," ಎಂದ ಸಾಹೇಬ. ಮೂಟೆಗಳನ್ನು ಅಲ್ಲೇ ಇಳಿಸಿದ, ಕುದುರೆ ಹಿಡಿದುಕೊಂಡು ಕೋಟೆಯಾಚೆಯ ತನ್ನ ಬಿಡಾರಕ್ಕೆ ಹೋದ.

ನಾಯಕ ಮೂಟೆ ಇಳಿಸಿದ್ದನ್ನು ಗಮನಿಸಲಿಲ್ಲ. ಮಾತನ್ನು ಮಾತ್ರ ಹಿಡಿದುಕೊಂಡ. "ಎಂಥಾ ಮಾತಯ್ಯಾ ಇದು! ಒಂದು ಸಲ ಅಂದರೆ ಸಾಕು, ಆದದ್ದೆಲ್ಲ ಆಗಲೇ ಇಲ್ಲ!"

ಮೊದಲು ಕಾವಲಿನವರ ಹಬ್ಬದ ಬಿಡುವು ರದ್ದಾಯಿತು. ಆಮೇಲೆ ಕುಂಬಾರರು ಮಣ್ಣು ತೆಗೆಯುವ ಗುಂಡಿ ರದ್ದಾಯಿತು. ಆಗ ಕಾಟಯ್ಯ ಹತ್ತಿರ ಸರಿದು, "ಭಾವ, ಆ ಹೆಂಗಸಿನ ಹೊಲ?" ಎಂದ.

"ರದ್ದು!" ಎಂದ ನಾಯಕ.

ಆಳುಗಳು ಬಂದು ಹೇಳಿದಾಗ ಮಾಳವ್ವ ಕಳೆ ಕೀಳುತ್ತಿದ್ದಳು. ಅಳಲಿಲ್ಲ, ಬೈಯಲಿಲ್ಲ. ನೇರ ಸಾಹೇಬನ ಬಿಡಾರಕ್ಕೆ ಹೋದಳು.

"ಅಣ್ಣಾ, ರದ್ದು ಅಂದರೆ ಏನು?"

"ನಮ್ಮ ಹಿರೀಕರ ಮಾತು ತಾಯಿ. ಮರಳಿಸೋದು ಅಂತ. ಅವರದು ಅವರಿಗೆ, ಇವರದು ಇವರಿಗೆ."

"ಎರಡೂ ಕಡೆಯಿಂದಲಾ?"

"ಎರಡೂ ಕಡೆಯಿಂದ. ಒಂದೇ ಕಡೆ ಆದರೆ ಅದಕ್ಕೆ ಬೇರೆ ಹೆಸರಿದೆ. ಅದು ನಿಮ್ಮ ಭಾಷೆಯಲ್ಲೂ ಇದೆ."

ಬಾವಿ ತೋಡಿದ ಮಣ್ಣು ಕೋಟೆಯ ಮೂಲೆಯಲ್ಲಿ ಇನ್ನೂ ಗುಡ್ಡೆಯಾಗಿತ್ತು. ಮಾಳವ್ವ ಒಂದು ಬುಟ್ಟಿ ತುಂಬಿ ತಂದು ಬಾವಿಗೆ ಸುರಿದಳು.

"ಅಯ್ಯೋ ಅವ್ವಾ, ಏನಿದು?" ಎಂದ ಕಾವಲಿನವನು.

"ರದ್ದು ಮಾಡ್ತಿದ್ದೀನಿ ಕಣಪ್ಪ," ಎಂದಳು.

ಎರಡನೆಯ ಬುಟ್ಟಿ ಬಿತ್ತು. ಕೊಡ ಹಿಡಿದ ಹೆಂಗಸರು ಸುತ್ತ ನೆರೆದರು. ಮೂರನೆಯ ಬುಟ್ಟಿ ಬೀಳುವಾಗ ನಾಯಕ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದ. ಹಿಂದೆಯೇ ಕಾಟಯ್ಯ.

"ತಲೆ ಕೆಟ್ಟಿದೆಯೇನೇ ನಿನಗೆ? ಕುಡಿಯೋ ನೀರು ಅದು!" ಎಂದು ನಾಯಕ ಕೂಗಿದ.

"ಹೊಲ ನಿಮಗೆ ಮರಳಿತು ಬುದ್ಧಿ. ಬಾವಿ ನನಗೆ ಮರಳಬೇಕಲ್ಲ."

ನಾಯಕ ಸಾಹೇಬನನ್ನು ಕರೆಸಿದ. ಸಾಹೇಬ ಬಿಡಾರದಲ್ಲಿ ಹೇಳಿದ್ದನ್ನೇ ಅಲ್ಲೂ ಹೇಳಿದ. "ನಾನು ಮೂಟೆ ಇಳಿಸಿದ್ದು ಮತ್ತೇಕೆ ದೊರೆ?" ಎಂದೂ ಕೇಳಿದ.

"ಕೂಲಿ ಬಿಸಾಕಿ ಕಳಿಸಿ ಭಾವ," ಎಂದ ಕಾಟಯ್ಯ.

ಮಾಳವ್ವ ಬುಟ್ಟಿ ಕೆಳಗಿಟ್ಟಳು. "ಕೂಲಿ ಬೇಡ. ಮೊದಲು ನನ್ನ ಮೂರು ಬೇಸಿಗೆ ಮರಳಿಸಿ. ಆಮೇಲೆ ಇಷ್ಟು ದಿನ ಕುಡಿದ ನೀರು ಮರಳಿಸಿ. ಆಮೇಲೆ ನನ್ನ ಗಂಡನ್ನ ಮರಳಿಸಿ. ಅಲ್ಲಿಗೆ ರದ್ದು."

ನಾಯಕ ಬಗ್ಗಿ ಬಾವಿಯೊಳಗೆ ನೋಡಿದ. ನೀರು ಕೆಂಪಾಗಿ ಕದಡಿತ್ತು.

ಅವನು ಕಾಲಲ್ಲಿದ್ದ ಆ ಒಂದು ಚಪ್ಪಲಿಯನ್ನೂ ಬಿಟ್ಟ. ಆ ಕದಡಿದ ನೀರನ್ನೇ ಸೇದಿ, ಎಲ್ಲರೆದುರು ಮಾಳವ್ವನ ಅಂಗೈಗೆ ಮತ್ತೆ ಧಾರೆ ಎರೆದ. ಕುಂಬಾರರ ಗುಂಡಿ ಕುಂಬಾರರಿಗೆ ಸಿಕ್ಕಿತು, ಕಾವಲಿನವರಿಗೆ ಬಿಡುವು ಸಿಕ್ಕಿತು.

"ಇನ್ನು ಆ ಮಣ್ಣು ಭಾವ?" ಎಂದ ಕಾಟಯ್ಯ.

"ನೀನಿದ್ದೀಯಲ್ಲ, ಇಳಿ," ಎಂದ ನಾಯಕ.

ಕಾಟಯ್ಯ ಜರಿ ಪೇಟ ಬಿಚ್ಚಿಟ್ಟು ಬಾವಿಗೆ ಇಳಿದ. ಹೆಂಗಸರು ಕೊಡ ಕೆಳಗಿಟ್ಟು ನಕ್ಕರು. ಮಾಳವ್ವ ನಗಲಿಲ್ಲ. ಅವಳು ಹಗ್ಗ ಹಿಡಿದು ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕೂಗು ಬಂತು: "ಎಳಿಯೇ!"

ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಎಳೆದಳು.

ಇದರ ನೀತಿ ಇಷ್ಟೇ. ಕೊಟ್ಟದ್ದನ್ನು ರದ್ದು ಮಾಡುವವರು ತಾವು ಪಡೆದದ್ದನ್ನೂ ಮರಳಿಸಬೇಕು. ಮರಳಿಸಲಾಗದ್ದನ್ನು ಪಡೆದಿದ್ದರೆ, ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು.